ಪ್ರಣೀತಾಳ ಇತಿಹಾಸ ಪರೀಕ್ಷೆ

ಕೋಪರಖೈರಣೆಯಲ್ಲಿ ನಮ್ಮ ಎದುರು ಮನೆಯ ಪ್ರಣೀತಾಳಿಗೆ ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಅವಳ ಅಪ್ಪ ದೇವದಾಸ್ ಸಾನಪಾಡಾದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಯಾರಾದರೂ ಮರುಕ ತೋರಿಸಲು ಬಂದರೆ ಈ ಹುಡುಗಿ ಅವರನ್ನೇ ಗೋಳು ಹೊಯ್ದುಕೊಳ್ಳುತ್ತಿದ್ದಳು. "ಆಂಟಿ, ನಿಮ್ಮ ಪಲ್ಯ ಸೀದು ಹೋಗ್ತಾ ಉಂಟು, ಮೊದಲು ಅದನ್ನು ನೋಡಿ," ಎಂದು ನನ್ನನ್ನೂ ಒಮ್ಮೆ ಓಡಿಸಿದ್ದಳು.

ಬಿ.ಎ.ಗೆ ಇತಿಹಾಸ ತೆಗೆದುಕೊಂಡಳು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯುತ್ತಿದ್ದವಳು ನನ್ನ ಮಗಳು ರಮಿತಾ. ಬರೆಯುವವರು ಕೆಳಗಿನ ತರಗತಿಯವರೇ ಆಗಿರಬೇಕೆಂಬುದು ನಿಯಮ. ನನ್ನ ಮಗಳಿಗೋ ಸ್ಪೆಲ್ಲಿಂಗೂ ಬರದು, ತಾಳ್ಮೆಯೂ ಇಲ್ಲ. ಪ್ರಣೀತಾಳ ನಾಲ್ಕು ವಾಕ್ಯ ಇವಳ ಕೈಯಲ್ಲಿ ಒಂದೂವರೆ ಆಗುತ್ತಿತ್ತು. ಪ್ರಣೀತಾ ಹೇಗೋ ಪಾಸಾಗುತ್ತಿದ್ದಳು, ಆದರೆ ಎಂ.ಎ. ಸೀಟಿಗೆ ಆ ಅಂಕ ಸಾಲದು.

ಕೊನೆಯ ವರ್ಷ, 2015ರಲ್ಲಿ, ತಾನೇ ಕಂಪ್ಯೂಟರಿನಲ್ಲಿ ಉತ್ತರ ಟೈಪ್ ಮಾಡುತ್ತೇನೆಂದು ಹಟ ಹಿಡಿದು ಕಾಲೇಜಿನಿಂದ ಅನುಮತಿ ತಂದಳು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಪ್ರಶ್ನೆಪತ್ರಿಕೆಯನ್ನು ಅವಳ ಕಿವಿಗೆ ಓದಬೇಕಾದದ್ದೂ ಅದೇ. ಕಂಪ್ಯೂಟರ್ ಕೊಟ್ಟ ಮೇಲೆ ಓದಲಿಕ್ಕಾಗಲಿ ಬರೆಯಲಿಕ್ಕಾಗಲಿ ಜೊತೆಗೆ ಯಾರೂ ಇರಕೂಡದು ಎಂದು ಕಾಲೇಜು ಷರತ್ತು ಹಾಕಿತು. ಅವಳು ಖುಷಿಯಿಂದಲೇ ಒಪ್ಪಿದಳು. ತನ್ನ ಉತ್ತರ ಇನ್ನು ತನ್ನ ಮಾತಿನಲ್ಲೇ ಹೋಗುತ್ತದೆ ಎಂದು ವಾರವಿಡೀ ಹೇಳಿಕೊಂಡು ಓಡಾಡಿದಳು.

ಪರೀಕ್ಷೆಯ ದಿನ ಹೆಡ್‌ಫೋನ್ ಹಾಕಿ ಕೂತರೆ ತಂತ್ರಾಂಶ "ಇಮೇಜ್" ಎಂದಿತು. ಪುಟದಲ್ಲಿ ಕೆಳಗಿಳಿದರೆ ಮತ್ತೆ "ಇಮೇಜ್". ಯಾರೋ ಮಹಾನುಭಾವರು ಅಚ್ಚಾದ ಪ್ರಶ್ನೆಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಹಾಗೇ ಹಾಕಿ ಕೈ ತೊಳೆದುಕೊಂಡಿದ್ದರು. ಕಣ್ಣಿದ್ದವರಿಗೆ ಅದು ಪ್ರಶ್ನೆ, ತಂತ್ರಾಂಶಕ್ಕೆ ಬರೀ ಒಂದು ಫೋಟೋ.

ಪ್ರಶ್ನೆ ಓದಿ ಹೇಳಿ ಎಂದು ಮೇಲ್ವಿಚಾರಕರನ್ನು ಬೇಡಿಕೊಂಡಳು. ಆತ ಕೆಟ್ಟವರಲ್ಲ, ಪುಕ್ಕಲು. ಆಫೀಸಿಗೆ ಹೋಗಿ ಕೇಳಿ ಬಂದರು. ಓದಿ ಹೇಳುವಂತಿಲ್ಲ ಎಂದಿದ್ದರಂತೆ. "ಜೋ ಆತಾ ಹೈ, ಲಿಖ್ ದೋ ಬೇಟಾ. ಬಾದ್ ಮೇ ದೇಖೇಂಗೆ," ಎಂದರು. ಗೊತ್ತಿದ್ದದ್ದನ್ನು ಬರೆ, ಆಮೇಲೆ ನೋಡೋಣ ಎಂಬ ಆ ಮಾತನ್ನು ಹುಡುಗಿ ನಂಬಿದಳು. ಯಾವ ಪ್ರಶ್ನೆ ಬಂದಿದೆಯೆಂದು ತಿಳಿಯದೆಯೇ ವರ್ಷವಿಡೀ ಓದಿದ್ದನ್ನೆಲ್ಲ ಟೈಪ್ ಮಾಡುತ್ತಾ ಹೋದಳು. ಯಾವುದಾದರೂ ಒಂದು ಉತ್ತರ ಹೊಂದಿಕೊಂಡೀತು ಎಂಬ ಆಸೆ.

ಫೇಲಾದಳು. ದೇವದಾಸ್ ಮಗಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಮುಂದೆ ನಿಂತರು. ಅವಳಿಗೆ ಪ್ರಶ್ನೆಯೇ ಕೇಳಿಸಲಿಲ್ಲ, ಇನ್ನೊಮ್ಮೆ ಪರೀಕ್ಷೆ ಕೊಡಿ ಎಂದು ಕೈ ಮುಗಿದರು. ಪ್ರಿನ್ಸಿಪಾಲರು ಪರೀಕ್ಷಾ ಕೋಣೆಯ ಕ್ಯಾಮೆರಾದ ದೃಶ್ಯ ಹಾಕಿ ತೋರಿಸಿದರು. ಕೊನೆಯ ಬೆಲ್ಲಿನ ತನಕ ಹುಡುಗಿಯ ಬೆರಳು ನಿಂತಿಲ್ಲ. ಪ್ರಶ್ನೆ ಗೊತ್ತಿಲ್ಲದವರು ಇಷ್ಟು ಬರೆಯುತ್ತಾರೆಯೇ, ಓದಿಲ್ಲ ಎಂದು ಒಪ್ಪಿಕೊಳ್ಳಿ ಎಂದರು. ಅಲ್ಲೇ ಇದ್ದ ಮೇಲ್ವಿಚಾರಕರು ನೆಲ ನೋಡುತ್ತ ನಿಂತಿದ್ದರೇ ಹೊರತು ಬಾಯಿ ಬಿಡಲಿಲ್ಲ. ಇದನ್ನು ದೇವದಾಸ್ ನನಗೆ ಹೇಳಿ ಎಷ್ಟೋ ಕಾಲವಾಯಿತು, ಈಗಲೂ ನೆನೆದರೆ ಮೈ ಉರಿಯುತ್ತದೆ.

ಅಪ್ಪ ಮಗಳು ಅಲ್ಲಿಂದ ಸ್ಟೇಷನ್ನಿಗೆ ಬಂದರಂತೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ ದೇವದಾಸ್, "ಬರುವ ವರ್ಷ ಪುನಃ ಕೂರುವ ಮಗಾ. ರಮಿತಾ ಬರೀತಾಳೆ," ಎಂದರು.

"ಬೇಡಪ್ಪ, ನಂಗೆ ಸಾಕಾಯ್ತು," ಎಂದಳು ಪ್ರಣೀತಾ. ರೈಲು ಬಂದು ನಿಂತರೂ ಅವಳು ಏಳಲಿಲ್ಲ. "ನಾನು ಏನೂ ಬರೀದೆ ಕೈ ಕಟ್ಟಿ ಕೂತಿದ್ರೆ ಅವ್ರು ನಂಬ್ತಿದ್ರು."