ಮಾದಪ್ಪಣ್ಣನ ರಟ್ಟಿನ ಅಳತೆ

ಕಂಪ್ಯೂಟರಿನೊಳಗೆ ಹಾಕುವ ಯಾವ ಕಾರ್ಡು ಕೈಗೆ ಬಂದರೂ ಮಾದಪ್ಪಣ್ಣ ಮೊದಲು ಅದನ್ನು ತಲೆಕೆಳಗು ಮಾಡಿ ಹಲ್ಲು ನೋಡುತ್ತಿದ್ದರು. ಅಂಚಿನಲ್ಲಿ ಸಾಲಾಗಿ ಹೊಳೆಯುವ ಚಿನ್ನದ ಬಣ್ಣದ ಪಟ್ಟಿಗಳಿಗೆ ಅವರಿಟ್ಟಿದ್ದ ಹೆಸರು ಅದು. ಅವರಪ್ಪ ತೆರಕಣಾಂಬಿ ಸಂತೆಯಲ್ಲಿ ದನದ ದಲ್ಲಾಳಿ. ಎತ್ತಿನ ಬಾಯಿ ಬಿಡಿಸಿ ನೋಡುವವರ ಆ ಗಾಂಭೀರ್ಯ ಮಗನಿಗೂ ಬಂದಿತ್ತು.

ಊರು ಚಂದಕವಾಡಿ. ಚಾಮರಾಜನಗರದಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೆ ಕಂಪ್ಯೂಟರು ಒಂದೊಂದಾಗಿ ಬರತೊಡಗಿದಾಗ, ಐವತ್ತು ದಾಟಿದ್ದ ಮಾದಪ್ಪಣ್ಣ ಹಳೆಯದೊಂದನ್ನು ಕೊಂಡು, ಬಿಚ್ಚಿ ಜೋಡಿಸಿ ತಾವೇ ಕಲಿತರು. ಪ್ರತಿ ಬುಧವಾರ ಗುಂಡ್ಲುಪೇಟೆಗೆ ಬಂದು, ಬಸ್ ನಿಲ್ದಾಣದ ಎದುರಿಗಿದ್ದ ನನ್ನ ಟೈಪಿಂಗ್ ಅಂಗಡಿಯಲ್ಲಿ ಕೂರುತ್ತಿದ್ದರು. ರಿಪೇರಿ ಬೇಕಾದವರು ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು. ಅವರು ಬಿಚ್ಚಿ ಜೋಡಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಒಮ್ಮೆ ಮೇಷ್ಟ್ರೊಬ್ಬರು ಮೈಸೂರಿನಿಂದ ಹಾಡು ಕೇಳುವ ಕಾರ್ಡು ತಂದಿದ್ದರು. ಅವರ ಕಂಪ್ಯೂಟರಿನೊಳಗೆ ಕಾರ್ಡು ಕೂರುವ ಸ್ಲಾಟೇ ಬೇರೆ, ಕಾರ್ಡಿನ ಜಾತಿಯೇ ಬೇರೆ. “ಅಂಚನ್ನು ಅರದಲ್ಲಿ ಸ್ವಲ್ಪ ಉಜ್ಜಿದರೆ?” ಎಂದರು ಮೇಷ್ಟ್ರು.

“ಮೆಟ್ಟು ಬಿಗಿ ಆಯ್ತದೆ ಅಂತ ಕಾಲ ಕೆತ್ತಿಸ್ಕತಾರಾ ಸಾ?” ಎಂದು ಮಾದಪ್ಪಣ್ಣ ಕಾರ್ಡನ್ನು ಕವರಿಗೆ ಹಾಕಿ ವಾಪಸು ಕೊಟ್ಟರು.

ನನ್ನ ಹೊಟ್ಟೆಪಾಡಿಗೂ ಒಂದು ಕಾರ್ಡೇ ಆಧಾರ. ಆಗಿನ ನನ್ನ ಯಂತ್ರದಲ್ಲಿ ಕನ್ನಡ ಮೂಡಬೇಕಾದರೆ ಒಳಗೆ ಮೊಳದುದ್ದದ ಪ್ರತ್ಯೇಕ ಕಾರ್ಡು ಇರಬೇಕಿತ್ತು. ಒಂದು ಸಲ ಕಣ್ಣಿನ ಶಿಬಿರದ ಚೀಟಿಗಳ ಕೆಲಸ ಒಪ್ಪಿಕೊಂಡಿದ್ದೆ. ಬೇಗೂರು ಸುತ್ತಿನ ವಯಸ್ಸಾದವರ ಹೆಸರು, ಊರು, ಆಪರೇಷನ್ ಎಡಗಣ್ಣಿಗೋ ಬಲಗಣ್ಣಿಗೋ, ಎಲ್ಲವೂ ಕನ್ನಡದಲ್ಲಿ. ಶುಕ್ರವಾರ ಶಿಬಿರ, ಮಂಗಳವಾರ ಕಾರ್ಡುಗಳೆಲ್ಲ ಕೂರುವ ಮದರ್‌ಬೋರ್ಡೇ ಸುಟ್ಟುಹೋಯಿತು.

ಫೋನು ಮಾಡಿ ಹೇಳಿದ ಹೊಸ ಬೋರ್ಡನ್ನು ಮಾರನೆಯ ದಿನ, ಬುಧವಾರವೇ, ಮೈಸೂರಿನ ಮಾರಾಟಗಾರ ತಂದ. ಮಾದಪ್ಪಣ್ಣ ಕಾರ್ಡಿನ ಹಲ್ಲು ನೋಡಿದರು. ಕರಿಯ ಉದ್ದನೆಯ ಸ್ಲಾಟಿಗೆ ಅದು ಸರಿಯಾಗಿಯೇ ಇತ್ತು. ನಾನು ಉಸಿರು ಬಿಟ್ಟೆ. ಅವರು ಮಾತ್ರ ಸೀರೆಯ ಡಬ್ಬದ ರಟ್ಟನ್ನು ಕಾರ್ಡಿನ ಅಳತೆಗೆ ಕತ್ತರಿಸಿ, ಅದನ್ನು ಸ್ಲಾಟಿನ ಮೇಲೆ ನಿಲ್ಲಿಸಿದರು. ರಟ್ಟಿನ ಕೊನೆ ಪ್ರೊಸೆಸರಿನ ಫ್ಯಾನಿಗೆ ತಾಗಿತು. ಉಳಿದ ಕರಿ ಸ್ಲಾಟುಗಳಲ್ಲೂ ಅದೇ ಕತೆ.

“ಸ್ವಲ್ಪ ವಾರೆಯಾಗಿ ಒತ್ತಿದರೆ ಕೂರುತ್ತೆ,” ಎಂದು ಮಾರಾಟಗಾರ ಕಾರ್ಡಿಗೆ ಕೈ ಹಾಕಿದ.

“ತಗೀಲಾ ಕೈಯ!” ಮಾದಪ್ಪಣ್ಣ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಕಾರ್ಡ್ ಮುರುದ್ರೆ ಇವಮ್ಮ ಎಲ್ಲಿಗೋದಾಳು?”

ನನಗೆ ಅಳುವೇ ಬಂತು. “ಒತ್ತಿಬಿಡಲಿ ಮಾದಪ್ಪಣ್ಣ, ಶುಕ್ರವಾರ ಕೊಡಬೇಕು,” ಎಂದೆ.

“ನಾಳೀಕೆ ಬತ್ತೀನಿ, ಇರು ಕಣವ್ವ,” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಗುರುವಾರ ಮೊದಲ ಬಸ್ಸಿಗೇ ಬಂದರು. ಪಂಚೆಯಲ್ಲಿ ಸುತ್ತಿ ತಂದದ್ದು ತಮ್ಮದೇ ಕಂಪ್ಯೂಟರಿನ ಬೋರ್ಡು, ತಾವು ಕಲಿತದ್ದು ಯಾವುದರಲ್ಲೋ ಅದು. ರಟ್ಟು ನಿಲ್ಲಿಸಿದರು, ಎಲ್ಲಿಯೂ ತಾಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಕನ್ನಡ ಬಂತು. ಸಂಜೆಯವರೆಗೂ ಪಕ್ಕದಲ್ಲೇ ಕೂತು ಒಂದೊಂದು ಚೀಟಿಯನ್ನೂ ಜೋರಾಗಿ ಓದಿಸಿದರು. “ಎಡವ ಬಲವ ಸರ್ಯಾಗ್ ನೋಡ್ಬುಡು. ಕಣ್ಣು ಅವರ್ದು, ನಮ್ದಲ್ಲ.”

ಆ ಬೋರ್ಡನ್ನು ಅವರು ತಿರುಗಿ ಕೇಳಲಿಲ್ಲ.

ಕೊನೆಯ ಸಲ ಬಂದಾಗ ಕಾರ್ಡಿನ ಧೂಳು ತೆಗೆಯಬೇಕಿತ್ತು. ಅಂದು ಅವರು ಏನನ್ನೂ ಮುಟ್ಟಲಿಲ್ಲ. ಕೈಯನ್ನು ಬೆನ್ನಿಗೆ ಕಟ್ಟಿಕೊಂಡು, “ನೀನೇ ತಗ್ದು ಆಕು,” ಎಂದರು. ಧೂಳು ಒರೆಸಿ, ಕಾರ್ಡನ್ನು ಸ್ಲಾಟಿನ ಮೇಲಿಟ್ಟು ಒತ್ತತೊಡಗಿದೆ. “ಬಲ ಬ್ಯಾಡ ಕಣವ್ವ. ಅದ್ರ ಜಾಗ ಅದ್ಕೆ ಗೊತ್ತದೆ.” ಕಾರ್ಡು ಕೂತಿತು. ಅವರು ಟೀ ಕುಡಿದು ಹೊರಟರು.

ಮುಂದಿನ ಬುಧವಾರ ಬರಲಿಲ್ಲ. ಎದೆನೋವೆಂದು ಮಲಗಿದವರು ಏಳಲಿಲ್ಲವೆಂದು ಬಸ್ ಕಂಡಕ್ಟರು ಹೇಳಿದರು.

ತಿಂಗಳಾದ ಮೇಲೆ ಚಾಮರಾಜನಗರಕ್ಕೆ ಹೋದೆ. ಅವರ ಹೆಂಡತಿ ಅಂಗಡಿಯ ಬಾಗಿಲು ತೆರೆದುಕೊಂಡು ಕೂತಿದ್ದರು. “ಮೂರ್ ಜನ ಕಂಪ್ಯೂಟ್ರ ರಿಪೇರಿಗ್ ಕೊಟ್ಟು ಓಗವ್ರೆ ಕಣವ್ವ. ದಿನಾ ಬಂದು ಕೇಳ್ತಾರೆ. ನಾ ಏನಂತ ಯೋಳ್ಲಿ?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೊದಲನೆಯ ಕಂಪ್ಯೂಟರಿನ ಸ್ಕ್ರೂ ಬಿಚ್ಚತೊಡಗಿದೆ.