ಒದ್ದೆ ಬೆರಳು, ಮಂಜು ಹಿಡಿದ ಬಾಟಲಿ

"ಡಾಕ್ಟರ್ ಆಗ್ತಾಳಂತೆ ಇವಳು! ಅದೂ ಸೂಜಿ ಚುಚ್ಚೋ ಡಾಕ್ಟರಲ್ಲ, ಬಾಟಲಿ ಅಲ್ಲಾಡ್ಸೋ ಡಾಕ್ಟರು! ನೀರಲ್ಲಿ ನೆಂದ ಕೈ ಕಣೇ ಇದು. ಎಲ್ಲಿಗೆ ಹೋದ್ರೂ ವಾಪಸ್ ಬಾಣಲಿ ಹತ್ರಾನೇ ಬರ್ತದೆ."

ಹೀಗೆಂದವರು ನನ್ನ ಅಮ್ಮನ ಅಕ್ಕ, ಶಿಡ್ಲಘಟ್ಟದ ಮುನಿರತ್ನಮ್ಮ. ನನ್ನಿಂದಾಗದು ಎಂದವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅವರೆಲ್ಲ ಬೆನ್ನ ಹಿಂದೆ ಹೇಳಿದರು. ದೊಡ್ಡಮ್ಮ ಮಾತ್ರ ಎದುರಿಗೆ, ಹತ್ತು ಜನ ಕೇಳುವ ಹಾಗೆ ಹೇಳಿದರು. ಅದಕ್ಕೇ ಇರಬೇಕು, ಉಳಿದವರ ಮಾತೆಲ್ಲ ಮರೆತುಹೋಗಿ ಇದೊಂದು ಇವತ್ತಿಗೂ ಕಿವಿಯಲ್ಲಿದೆ.

ಈಗ ನೆನಪಾಗಲು ಕಾರಣ ಒಂದು ಬಾಟಲಿ. ಚಿಂತಾಮಣಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ಬಾಡಿಗೆ ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಿಂದ ಅದು ಉರುಳಿ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಗಾಜಿನ ಬಾಟಲಿ. ಹೊರಮೈ ಚೆನ್ನಾಗಿಯೇ ಇದೆ. ಒಳಮೈ ಮಾತ್ರ ಚಳಿಗಾಲದ ಬೆಳಗ್ಗೆ ಬಸ್ಸಿನ ಕಿಟಕಿಗೆ ಮಂಜು ಹಿಡಿದ ಹಾಗೆ ಬೆಳ್ಳಗಾಗಿದೆ. ಉಜ್ಜಿದರೆ ಹೋಗುವುದಿಲ್ಲ. ಹೋಗುವಂಥದ್ದಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಆದರೂ ಸೆರಗಿನಿಂದ ಎರಡು ಸಲ ಉಜ್ಜಿದೆ.

ಶಿಡ್ಲಘಟ್ಟಕ್ಕೆ ನೀವು ಬಂದಿದ್ದರೆ ಆ ವಾಸನೆ ಗೊತ್ತಿರುತ್ತದೆ. ಬೆಂದ ರೇಷ್ಮೆಗೂಡಿನದು. ಮೊದಲ ಸಲ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಊರು ಬಂತು ಎನ್ನುವ ಗುರುತು. ಅಮ್ಮ, ದೊಡ್ಡಮ್ಮ ಇಬ್ಬರೂ ಒಂದೇ ಫಿಲೇಚರ್‌ನಲ್ಲಿ, ಅಂದರೆ ಗೂಡಿನಿಂದ ನೂಲು ತೆಗೆಯುವ ಶೆಡ್ಡಿನಲ್ಲಿ, ಕೂಲಿ ಮಾಡುತ್ತಿದ್ದರು. ಕುದಿನೀರಿನ ಬಾಣಲಿಯಲ್ಲಿ ಗೂಡುಗಳು ಬೇಯುತ್ತವೆ. ಆ ಬಿಸಿನೀರಿಗೇ ಬೆರಳು ಹಾಕಿ ಕೂದಲಿಗಿಂತ ತೆಳ್ಳಗಿನ ಎಳೆಯ ತುದಿ ಹುಡುಕಬೇಕು. ಕೈ ಬೇಯದೆ ಇರುವುದಕ್ಕೆ ಪಕ್ಕದಲ್ಲಿ ಒಂದು ಚೊಂಬು ತಣ್ಣೀರು. ತಣ್ಣೀರಲ್ಲಿ ಅದ್ದು, ಬಿಸಿಗೆ ಹಾಕು. ಮತ್ತೆ ತಣ್ಣೀರಲ್ಲಿ ಅದ್ದು.

ಹೈಸ್ಕೂಲಿನ ರಜೆಯಲ್ಲಿ ನನಗೆ ಈ ಕೆಲಸ ಕಲಿಸಿದವರು ದೊಡ್ಡಮ್ಮ. ಮರೆತು ನೇರ ಬಿಸಿನೀರಿಗೆ ಕೈ ಹಾಕಿದರೆ ಮಣಿಕಟ್ಟಿನ ಮೇಲೆ ಪಟ್ಟನೆ ಒಂದು ಏಟು. "ನೆನೆಸ್ಕೊಂಡ್ ಮುಟ್ಟೇ ಅಮ್ಮಯ್ಯಾ! ಬೊಬ್ಬೆ ಬಂದ್ರೆ ನಾಳೆ ಯಾರು ಬರ್ತಾರೆ ಕೆಲ್ಸಕ್ಕೆ, ನಿಮ್ಮ ಮೇಷ್ಟ್ರಾ?" ಒಂದೇ ತಿಂಗಳಲ್ಲಿ ಆ ಅಭ್ಯಾಸ ಬೆರಳಿಗೆ ಹತ್ತಿತು. ತಲೆಗೆ ಹತ್ತಿದ್ದನ್ನು ಮರೆಯಬಹುದು, ಬೆರಳಿಗೆ ಹತ್ತಿದ್ದು ಹೋಗುವುದಿಲ್ಲ. ಇದನ್ನು ನಾನು ಬಹಳ ತಡವಾಗಿ ಕಲಿತೆ.

ಬಿ.ಎಸ್ಸಿ., ಎಂ.ಎಸ್ಸಿ. ಎರಡೂ ಆದವು. ಹೇಗಾದವು ಎಂದು ಹೇಳಲು ಹೊರಟರೆ ಬೇರೆಯೇ ಕಥೆ ಆಗುತ್ತದೆ. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ನೋಡಿದ ಮೊದಲನೆಯವಳು ನಾನು ಎನ್ನುವಷ್ಟು ಸಾಕು. ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿತ್ತು, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಸಂಶೋಧನೆಗೆ ಸೇರಿದೆ. ಸೇರುವ ಮುನ್ನ ಹೇಳಿ ಹೋಗೋಣ ಎಂದು ಫಿಲೇಚರ್‌ಗೆ ಹೋದಾಗಲೇ ಮೇಲಿನ ಆ ಆಶೀರ್ವಾದ ಸಿಕ್ಕಿದ್ದು.

"ಅದೇನು ಮಾಡ್ತೀಯಮ್ಮ ಅಲ್ಲಿ?" ಎಂದು ಮೊದಲು ಕೇಳಿದ್ದರು.

"ಕೆಟ್ಟುಹೋದ ಟ್ಯೂಬ್‌ಲೈಟ್ ಇರ್ತದಲ್ಲ ದೊಡ್ಡಮ್ಮ, ಅದರೊಳಗಿನ ಬಿಳೀ ಪುಡಿಯಿಂದ ಅಪರೂಪದ ಲೋಹ ತೆಗೀತೀವಿ. ಒಂಥರಾ ಉಪ್ಪಿನಿಂದ. ನೀರಿಲ್ಲದೇನೇ ನೀರಿನ ಹಂಗಿರೋ ಉಪ್ಪು."

"ನೀರಿಲ್ದೆ ಉಪ್ಪು ನೀರಾಗ್ತದಾ? ಅಯ್ಯೋ ದೇವುಡಾ! ಕೇಳ್ರಮ್ಮ, ನನ್ನ ಮಂಗ ಮಾಡೋಕೆ ಇವಳು ಬೆಂಗಳೂರಿಗೆ ಹೋಗ್ಬೇಕಾ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಆಮೇಲೆ ಬಂತು, ಬಾಟಲಿ ಡಾಕ್ಟರಿನ ಮಾತು.

ನಿಮಗೂ ದೊಡ್ಡಮ್ಮನ ಅನುಮಾನವೇ ಇರಬಹುದು, ಅದಕ್ಕೆ ಹೇಳುತ್ತೇನೆ. ಅಡುಗೆ ಉಪ್ಪನ್ನು ಕರಗಿಸಿ ದ್ರವ ಮಾಡಬೇಕೆಂದರೆ ಕುಲುಮೆ ಬೇಕು. ಆದರೆ ಕೆಲವು ಉಪ್ಪುಗಳ ಕಣಗಳು ಎಷ್ಟು ದೊಡ್ಡವು, ಎಷ್ಟು ಅಡ್ಡಾದಿಡ್ಡಿ ಎಂದರೆ, ಒಂದರ ಪಕ್ಕ ಒಂದು ಒತ್ತಾಗಿ ಕೂರಲು ಆಗುವುದೇ ಇಲ್ಲ. ಹಾಗಾಗಿ ಅವು ಕೋಣೆಯ ಬಿಸಿಯಲ್ಲೇ ಜೇನುತುಪ್ಪದ ಹಾಗೆ ದ್ರವವಾಗಿ ಇರುತ್ತವೆ. ಅಯಾನಿಕ ದ್ರವ ಎಂದು ಹೆಸರು. ಸೀಮೆಎಣ್ಣೆಯಂತೆ ಆವಿಯಾಗದು, ನಾರದು, ಸುಲಭಕ್ಕೆ ಬೆಂಕಿ ಹಿಡಿಯದು. ಇನ್ನು ಆ ಲೋಹಗಳು, ವಿರಳ ಭಸ್ಮ ಧಾತುಗಳು. ಹೆಸರಿಗೆ ವಿರಳ, ನಿಜವಾದ ಕಷ್ಟ ಅವನ್ನು ಒಂದರಿಂದ ಒಂದು ಬಿಡಿಸುವುದು. ಯೂರೋಪಿಯಂ, ಯಿಟ್ರಿಯಂ ಎಲ್ಲ ಅಕ್ಕತಂಗಿಯರ ಹಾಗೆ, ಒಂದೇ ಮುಖ, ಒಂದೇ ನಡವಳಿಕೆ. ಟ್ಯೂಬ್‌ಲೈಟಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಅದರ ಜತೆ ನಮ್ಮ ದ್ರವವನ್ನು ಅರ್ಧ ಗಂಟೆ ಅಲುಗಿಸಿದರೆ, ದ್ರವದಲ್ಲಿ ಬೆರೆಸಿಟ್ಟ ಇನ್ನೊಂದು ಪದಾರ್ಥ ಒಬ್ಬಳನ್ನು ಹೆಚ್ಚು ಎಳೆದುಕೊಂಡು ಇನ್ನೊಬ್ಬಳನ್ನು ಆಮ್ಲದಲ್ಲೇ ಬಿಡುತ್ತದೆ. ಬೆಂದ ಗೂಡಿನ ರಾಶಿಯಿಂದ ಒಂದು ಎಳೆ ಹಿಡಿದು ಎಳೆದ ಹಾಗೆ. ನನಗೆ ಈ ವಿಷಯ ಹಿಡಿಸಿದ್ದೇ ಅದಕ್ಕೆ. ಆದರೆ ಪ್ರಯೋಗಾಲಯದಲ್ಲಿ ಈ ಹೋಲಿಕೆಯನ್ನು ಯಾರಿಗೂ ಹೇಳಲಿಲ್ಲ. ನಮ್ಮಮ್ಮ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ "ಸಿಲ್ಕ್ ಫೀಲ್ಡು" ಎನ್ನುತ್ತಿದ್ದೆ. ಕೇಳಿದವರು ಸೀರೆ ಅಂಗಡಿ ಎಂದುಕೊಂಡರೆ ತಿದ್ದುತ್ತಿರಲಿಲ್ಲ.

ನನ್ನ ಪಕ್ಕದ ಮೇಜು ಮುರುಗಮಲ್ಲದ ಶಬಾನಾಳದು. ಇಬ್ಬರದೂ ಒಂದೇ ದ್ರವ, ಒಂದೇ ವಿಧಾನ. ಲೋಹ ಮಾತ್ರ ಬೇರೆ. ದ್ರವ ಮಂದ, ಸುಲಭವಾಗಿ ಸುರಿಯದು. ಹಾಗಾಗಿ ಬಾಟಲಿಗಳನ್ನು ಯಾವಾಗಲೂ ಬಿಸಿ ಎಣ್ಣೆಯ ಪಾತ್ರೆಯಲ್ಲಿ ಇಟ್ಟಿರುತ್ತಿದ್ದೆವು. ಶಬಾನಾಳ ಬಾಟಲಿಗಳು ತಿಂಗಳಾದರೂ ಫಳಫಳ. ನನ್ನವು ಎರಡು ವಾರಕ್ಕೆ ಮಂಜು ಹಿಡಿಯುತ್ತಿದ್ದವು. ಅಲುಗಿಸಿದಾಗ ಆಮ್ಲದ ಪದರ, ದ್ರವದ ಪದರ ಎರಡರ ನಡುವೆ ಬಿಳಿ ಕೆನೆ. ಸೋಮವಾರ ಬಂದ ಉತ್ತರ ಶುಕ್ರವಾರ ಬರುವುದಿಲ್ಲ. ಗಾಜು ಬದಲಿಸಿದೆ, ಆಮ್ಲ ಬದಲಿಸಿದೆ, ಕೊನೆಗೆ ಮೇಜನ್ನೇ ಬದಲಿಸಿದೆ.

"ಏನೇ ಇದು, ನಿನ್ನ ಮೇಜು ದೋಬಿ ಘಾಟಾ? ಯಾವಾಗ ನೋಡಿದ್ರೂ ಒದ್ದೆ!" ಎಂದು ಶಬಾನಾ ತಮಾಷೆ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕು ಸುಮ್ಮನಾದೆ ನೋಡಿ, ಅದೇ ನನ್ನ ದಡ್ಡತನ.

ನಾಲ್ಕನೆಯ ವರ್ಷ ಗೈಡ್ ಮೇಡಂ ಕರೆದರು. ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. "ನೋಡಮ್ಮ, ಮಾರ್ಚ್ ಒಳಗೆ ಮೂರು ಸಲ ಒಂದೇ ಉತ್ತರ ತೋರಿಸು. ಆಗದಿದ್ರೆ ಈ ವಿಷಯ ಬಿಟ್ಟುಬಿಡೋಣ" ಎಂದರು. ವಿಷಯ ಬಿಟ್ಟರೆ ಮೊದಲಿಂದ ಶುರು. ಅಷ್ಟು ವರ್ಷ ಫೆಲೋಶಿಪ್ ಉಳಿದಿರಲಿಲ್ಲ. ಅಂದರೆ ಶಿಡ್ಲಘಟ್ಟದ ಬಸ್ಸು. ಅಂದರೆ ದೊಡ್ಡಮ್ಮನ ಮಾತೇ ನಿಜ.

ಆ ಭಾನುವಾರ ಊರಿಗೆ ಬಂದೆ. ಅಮ್ಮನಿಗೆ ಜ್ವರ, ಬಾಣಲಿ ಖಾಲಿ ಬಿಟ್ಟರೆ ಜಾಗ ಬೇರೆಯವರಿಗೆ ಹೋಗುತ್ತದೆಂದು ನಾನೇ ಹೋಗಿ ಅವರ ಜಾಗದಲ್ಲಿ ಕೂತೆ. ಪಕ್ಕದ ಬಾಣಲಿಯಲ್ಲಿ ದೊಡ್ಡಮ್ಮ. ಕೆಲಸ ಹಿಡಿದೆ. ಸ್ವಲ್ಪ ಹೊತ್ತಿಗೆ ಅವರು ನಗತೊಡಗಿದರು.

"ಏನು ದೊಡ್ಡಮ್ಮ?"

"ನಿನ್ ಕೈ ನೋಡ್ಕೊಳ್ಳೇ. ಇಷ್ಟು ಓದಿದ್ರೂ ಮರ್ತಿಲ್ಲ. ತಣ್ಣೀರು, ಬಿಸಿನೀರು, ತಣ್ಣೀರು, ಬಿಸಿನೀರು. ಅಲ್ಲೂ ಹಿಂಗೇನಾ, ಬೆರಳು ನೆನೆಸ್ಕೊಂಡೇ ಬಾಟಲಿ ಮುಟ್ಟೋದು?"

ನನ್ನ ಕೈ ಚೊಂಬಿನಲ್ಲಿ ಹಾಗೇ ನಿಂತಿತು.

ಹೌದು. ಅಲ್ಲೂ ಹಾಗೆಯೇ. ಬಿಸಿ ಎಣ್ಣೆಯಿಂದ ಬಾಟಲಿ ಎತ್ತುವ ಮುನ್ನ ಪಕ್ಕದ ಬೀಕರಿನ ನೀರಿಗೆ ಬೆರಳು ಅದ್ದುತ್ತಿದ್ದೆ. ಕೈಗವಸು ಹಾಕಿಕೊಂಡೇ! ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಬೆರಳಲ್ಲೇ ಮುಚ್ಚಳ ತೆಗೆಯುತ್ತಿದ್ದೆ. ಒಂದೆರಡು ಹನಿ ಒಳಗೆ. ಆಮ್ಲದ ಜತೆ ಅರ್ಧ ಗಂಟೆ ಅಲುಗಿಸುವಾಗ ನೀರು ತಾಗಿದರೆ ಆ ದ್ರವಕ್ಕೆ ಅಷ್ಟೇನೂ ಆಗುವುದಿಲ್ಲ. ಆದರೆ ನೀರನ್ನು ಒಳಗಿಟ್ಟುಕೊಂಡು ವಾರಗಟ್ಟಲೆ ಬಿಸಿಯಲ್ಲಿ ಕೂತರೆ ಅದರೊಳಗಿನ ಫ್ಲೋರಿನ್ ಬಿಡಿಸಿಕೊಂಡು ಗಾಜನ್ನೇ ತಿನ್ನುವ ಆಮ್ಲವಾಗುತ್ತದೆ. ಅದೇ ಆ ಮಂಜು. ಅದು ನನ್ನ ಲೋಹವನ್ನೂ ಹಿಡಿದು ಬಿಳಿ ಪುಡಿ ಮಾಡುತ್ತಿತ್ತು. ಅದೇ ಆ ಕೆನೆ. ಪುಣ್ಯಕ್ಕೆ ನನ್ನ ಬೆರಳನ್ನು ತಿಂದಿರಲಿಲ್ಲ.

ಹೊಸ ದ್ರವ ಮಾಡಿ, ಒಣಗಿಸಿ, ಬೀಕರನ್ನು ಶಬಾನಾಳ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಆದರೂ ಮೊದಲ ವಾರವೆಲ್ಲ ಬೆರಳು ಇಲ್ಲದ ನೀರನ್ನು ಹುಡುಕುತ್ತಿತ್ತು. ಫೆಬ್ರವರಿ ಮುಗಿಯುವುದರೊಳಗೆ ಮೂರು ಸಲವೂ ಒಂದೇ ಉತ್ತರ. ಮೇಡಂ ಅಂಕಿಗಳನ್ನು ನೋಡಿ, "ನೀರು ಸೇರಿದ್ರೆ ಹೀಗಾಗುತ್ತೆ ಅಂತ ಎಲ್ಲರಿಗೂ ಗೊತ್ತು. ನಿನ್ನ ಬಾಟಲಿಗೆ ನೀರು ಎಲ್ಲಿಂದ ಬರ್ತಿತ್ತು?" ಎಂದರು.

"ಸರಿಯಾಗಿ ಒಣಗಿಸಿರಲಿಲ್ಲ ಮೇಡಂ" ಎಂದೆ.

ಸುಳ್ಳಲ್ಲ, ನಿಜವೂ ಅಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೇಡಂ, ಶಬಾನಾ, ಅಪ್ಪ ಅಮ್ಮ, ಗಾಜು ತೊಳೆಯುವ ಅಣ್ಣ, ಎಲ್ಲರೂ ಇದ್ದರು. ದೊಡ್ಡಮ್ಮ ಇರಲಿಲ್ಲ. ಘಟಿಕೋತ್ಸವದ ದಿನ ಸರ್ಟಿಫಿಕೇಟ್ ತಂದು ಅಮ್ಮನಿಗೆ ತೋರಿಸಿ, ದೊಡ್ಡಮ್ಮನ ಬೀದಿಯನ್ನು ಬಳಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹತ್ತು ಜನರೆದುರು ಅಂದಿದ್ದರಲ್ಲ, ಹತ್ತು ಜನರಿಂದಲೇ ಕೇಳಲಿ ಎನ್ನುವ ಜಂಬ. ಎರಡು ವರ್ಷ ಆ ಜಂಬವನ್ನು ಸರ್ಟಿಫಿಕೇಟಿನ ಜತೆಗೇ ಬೀರುವಿನಲ್ಲಿ ಇಟ್ಟಿದ್ದೆ.

ಬಾಟಲಿ ಸಿಕ್ಕ ಮರುದಿನ ಅದನ್ನೂ ಸರ್ಟಿಫಿಕೇಟನ್ನೂ ಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ದೊಡ್ಡಮ್ಮ ಈಗ ಕೆಲಸಕ್ಕೆ ಹೋಗುವುದಿಲ್ಲ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬೆರಳ ತುದಿಗಳು ಇನ್ನೂ ಬೆಳ್ಳಗೆ, ಸುಕ್ಕು ಸುಕ್ಕು. ಎದುರಿಗೆ ಕೂತು ಎಲ್ಲ ಹೇಳಿದೆ. ಚೊಂಬು, ಬೀಕರು, ಮಂಜು, ಆ ಭಾನುವಾರ. ಮೇಡಂಗೆ ಹೇಳದೆ ಬಿಟ್ಟಿದ್ದನ್ನೂ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಹಂಗಾದ್ರೆ ಕೆಡ್ಸಿದ್ದೂ ನಾನೇ, ಸರಿ ಮಾಡಿದ್ದೂ ನಾನೇ ಅನ್ನು."

"ಹೂಂ ದೊಡ್ಡಮ್ಮ."

"ಅದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೇ?"

ಸರ್ಟಿಫಿಕೇಟ್ ತೆಗೆದು ಚಾಚಿದೆ. ಅವರು ಕೈ ಮುಂದೆ ತಂದವರು, ತಟ್ಟನೆ ಹಿಂದಕ್ಕೆಳೆದುಕೊಂಡು ಸೆರಗಿಗೆ ಒರೆಸಿದರು. ಈ ಬೆರಳು, ಆ ಬೆರಳು, ಒಂದೊಂದಾಗಿ.

"ಒದ್ದೆ ಇಲ್ಲ ದೊಡ್ಡಮ್ಮ, ತಗೊಳ್ಳಿ."

"ಇರಮ್ಮ ತಾಯಿ, ಇರು" ಎಂದರು, ಇನ್ನೂ ಒರೆಸುತ್ತಲೇ. "ನಿನ್ನ ಹಂಗೆ ನೋಡ್ದೇನೆ ಮುಟ್ಟಿ, ಇದ್ನೂ ಕೆಡಿಸ್ಲಾ?"