ಅಂಗಿಯೊಳಗಿನ ಅಯಸ್ಕಾಂತ

ನಾನು ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆಯ ನೀರು ಹಂಚುವ ಕೆಲಸದಲ್ಲಿದ್ದವನು. ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ದಂಡೆಯ ಮೇಲೆ ನಡೆಯುವುದು, ಏಳಕ್ಕೆ ರೊಟ್ಟಿ ತಿನ್ನುವುದು ತಪ್ಪಿರಲಿಲ್ಲ. ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಾಗಿ, ಯಾದಗಿರಿಯ ಆಸ್ಪತ್ರೆಯಲ್ಲಿ ಸಲೈನಿನೊಡನೆ ಔಷಧಿ ಏರಿಸತೊಡಗಿದ ಮೇಲೆ ಆ ಕ್ರಮವೆಲ್ಲ ಕೆಟ್ಟಿತು. ಪ್ರತಿ ಸಲವೂ ವಾಂತಿ, ಬಾಯಿ ತುಂಬ ಹುಣ್ಣು. ಹೆಂಡತಿಯ ಕೈ ಹಿಡಿದು ಬಚ್ಚಲಿಗೆ ಹೋಗುವಂತಾಯಿತು.

ಮೊಮ್ಮಗಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ರಜೆಗೆ ಬಂದಾಗ, ಈ ಔಷಧಿ ಮೈಯೆಲ್ಲ ಸುತ್ತದೆ, ಗಡ್ಡೆಗಷ್ಟೇ ಹೋಗಬಾರದೇ ಎಂದು ಕೇಳಿದೆ.

“ನಾವು ಅದನ್ನೇ ಮಾಡಾಕತ್ತೀವಿ ಮುತ್ಯಾ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಕ್ಕ ಔಷಧಿ ಅಂಟಿಸ್ತೀವಿ. ಗಡ್ಡಿ ಇದ್ದಲ್ಲಿ ಮೈ ಹೊರಗ ಮ್ಯಾಗ್ನೆಟ್ ಹಿಡದ್ರ ಔಷಧಿ ಅಲ್ಲೇ ನಿಲ್ತದ. ಇನ್ನೂ ಇಲಿ ಮ್ಯಾಲ ನೋಡಾಕತ್ತೀವಿ.”

ಕಾಲುವೆಯ ನೀರನ್ನು ತೂಬಿನಿಂದ ಬೇಕಾದ ಹೊಲಕ್ಕೆ ತಿರುಗಿಸುತ್ತ ಬಂದವನಿಗೆ ಇದು ತಟ್ಟನೆ ತಿಳಿಯಿತು. ಇಲಿಯ ಮಾತು ಮಾತ್ರ ತಲೆಯಲ್ಲಿ ನಿಲ್ಲಲಿಲ್ಲ. ಮನೆಯಲ್ಲೊಂದು ಕೆಟ್ಟ ರೇಡಿಯೊ ಇತ್ತು. ಅದರ ಸ್ಪೀಕರಿನ ಅಯಸ್ಕಾಂತ ಕಿತ್ತು ಅರಿವೆಯಲ್ಲಿ ಸುತ್ತಿದೆ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಅದನ್ನು ಗಡ್ಡೆಯ ನೇರಕ್ಕೆ ಬರುವಂತೆ ಉಡದಾರಕ್ಕೆ ಕಟ್ಟಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ನರ್ಸ್ ಸೂಜಿ ಚುಚ್ಚಿ, ಪಟ್ಟಿ ಕತ್ತರಿಸಿ ಹಚ್ಚಿ, ಕತ್ತರಿಯನ್ನು ನನ್ನ ಮಗ್ಗುಲಲ್ಲಿಟ್ಟಳು. ಅದು ಸರ್ರನೆ ಸರಿದು ಹೊಟ್ಟೆಗೆ ಟಕ್ಕೆಂದು ಅಂಟಿತು.

“ಅಯ್ಯ ಅಜ್ಜಾರ, ಕತ್ರಿ ಬಿಡವಲ್ದು! ಒಳಗ ಏನ್ ಕಟ್ಕೊಂಡೀರಿ?”

ಪಕ್ಕದ ಮಂಚದಲ್ಲಿದ್ದ, ನನ್ನ ನೌಕರಿ ಗೊತ್ತಿದ್ದ ಕಕ್ಕೇರಾದ ಕುರಿಗಾರ ಎದ್ದು ಕುಳಿತ. “ಸಾಹೇಬ್ರು ಕಾಲುವಿ ಗೇಟ್ ನುಂಗ್ಯಾರ ಕಾಣ್ತದ!”

ವಾರ್ಡಿಗೆ ವಾರ್ಡೇ ನಕ್ಕಿತು. ಎಲ್ಲರೆದುರು ಅಂಗಿ ಎತ್ತಿ ಗಂಟು ಬಿಚ್ಚಬೇಕಾಯಿತು. ಕಾರಣ ಹೇಳಿದಾಗ ನರ್ಸ್ ನಗು ತಡೆದುಕೊಂಡಳು. “ನಿಮ್ಮ ಬಾಟಲ್ಯಾಗ ಕಬ್ಬಿಣಾನೇ ಇಲ್ರಿ. ಇದು ಏನ್ ಎಳಿಬೇಕು?” ಜೊತೆಗೆ ಬಂದಿದ್ದ ಹೆಂಡತಿ ನಗಲಿಲ್ಲ. ಅಯಸ್ಕಾಂತ ಇಸಿದುಕೊಂಡು ಸೆರಗಿನಲ್ಲಿ ಮುಚ್ಚಿದಳು.

ಮನೆಗೆ ಬಂದವನೇ, ಇನ್ನು ಅಲ್ಲಿಗೆ ಕಾಲಿಡುವುದಿಲ್ಲ ಎಂದೆ.

“ನಾಕ ಮಂದಿ ನಕ್ಕರಂತ ಸಾಯ್ತೀರೇನು?” ಎಂದಳು ಹೆಂಡತಿ. ಗೋಡೆಯ ಕಡೆ ಮಗ್ಗುಲಾದೆ.

ರೈತರು ಕಾಲುವೆಯಲ್ಲಿ ಕಲ್ಲು ಅಡ್ಡ ಹಾಕಿ ನೀರನ್ನು ತಮ್ಮ ತೂಬಿಗೆ ಏರಿಸಿಕೊಳ್ಳುತ್ತಿದ್ದರು. ಆ ಕಲ್ಲು ಎತ್ತಿಸುವುದೇ ನನ್ನ ನೌಕರಿಯ ಅರ್ಧ ಕೆಲಸ. ಹಾಕಿದವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಬೈಯುತ್ತಿದ್ದೆ. ಈಗ ನಾನೇ ಅಂಥ ಕಲ್ಲು ಹೊಟ್ಟೆಗೆ ಕಟ್ಟಿಕೊಂಡು ಸಿಕ್ಕಿಬಿದ್ದಿದ್ದೆ, ಅದೂ ನೀರೇ ಇಲ್ಲದ ಕಾಲುವೆಗೆ. ಹಾಗೆ ಬೈಸಿಕೊಂಡ ಬೋನಾಳದ ರೈತನೊಬ್ಬ ಮುಂದಿನ ನೀರಿನ ಪಾಳಿಗೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದ. ತಲೆ ಎತ್ತಿರಲಿಲ್ಲ.

“ನಾಚಿಕಿ ಇಲ್ಲೇನು ನಿನಗ?” ಎಂದಿದ್ದೆ.

“ಅದ ರೀ. ಆದ್ರ ಬೆಳಿಗಿ ನೀರು ಬೇಕಲ್ರಿ.”

ಮುಂದಿನ ಔಷಧಿಯ ದಿನ ಐದಕ್ಕೆ ಎದ್ದೆ. ಬಿಸಿನೀರಿಗೆ ಉರಿ ಹಾಕುತ್ತಿದ್ದ ಹೆಂಡತಿ ಎದ್ದು ಬುತ್ತಿ ಕಟ್ಟಿದಳು.

ವಾರ್ಡಿನ ಬಾಗಿಲಲ್ಲೇ ನನ್ನ ಕಿವಿ ಬಿಸಿಯಾದವು. ಕುರಿಗಾರ ಆಗಲೇ ಬಂದಿದ್ದ. ನರ್ಸ್ ಕತ್ತರಿ ಎತ್ತಿ ಹಿಡಿದಳು.

“ಅಜ್ಜಾರ, ಇದನ್ನ ಇವತ್ತ ಎಲ್ಲಿ ಇಡ್ಲಿ?”

ಯಾರ ಮುಖವನ್ನೂ ನೋಡದೆ ಅಂಗಿ ಎತ್ತಿ ಬರಿಹೊಟ್ಟೆ ತೋರಿಸಿದೆ. ಆಮೇಲೆ ಮಂಚದ ಮೇಲೆ ಮಲಗಿ ಕೈ ಚಾಚಿದೆ.